ಬಾರ್ಬರಮ್ಮನ ಕೊರಳಿಗೊಂದು ತಾಳಿ

ಯಶವಂತನಗರದ ಚರ್ಚ್ ಶಾಲೆಗೆ ಹೊಸದಾಗಿ ಶಿಕ್ಷಕಿಯಾಗಿ ಸೇರಿದ್ದ ಪೂಜಿತಾ ಬಸ್ಸಿಳಿದು, ಬಿಸಿಲಿಗೆ ಅಂಜಿ ನಿಲ್ದಾಣದ ನೆರಳಲ್ಲಿ ನಿಂತಿದ್ದಳು. ಬೆಂಚಿನ ಮೇಲೆ ಕುಳಿತ ಇಬ್ಬರು ಹೆಂಗಸರ ಮಾತು ತಾನಾಗಿ ಕಿವಿಗೆ ಬಿತ್ತು.

“ಗಣಿಯಾಗ ಮದ್ದು ಸಿಡಿದ್ರೂ ನನ್ನ ಗಂಡಗ ಒಂದು ಗೀರು ಬೀಳಲಿಲ್ಲ, ಫಿಲೋಮಿನಕ್ಕ. ನಿಮ್ಮ ಸಂತ ಬಾರ್ಬರಮ್ಮ ನನ್ನ ತಾಳಿ ಉಳಿಸಿದ್ಲು. ಅದಕ್ಕ ನಸುಕಿನ್ಯಾಗ ಚರ್ಚಿಗೆ ಹೋಗಿ, ಆಕಿ ಮೂರ್ತಿ ಕೊರಳಿಗೂ ಅರಿಶಿನ ಕೊಂಬಿನ ತಾಳಿ ಕಟ್ಟಿಬಂದೆ.”

“ಅಯ್ಯ ನಮ್ಮವ್ವ! ಮದುವಿ ಒಲ್ಲೆ, ಯೇಸುಸ್ವಾಮಿ ಸಾಕು ಅಂದಿದ್ದಕ್ಕ ಹೆತ್ತಪ್ಪನ ಕೈಲೇ ತಲಿ ಕಡಿಸ್ಕೊಂಡ ಹುಡುಗಿ ಆಕಿ, ತಾಯಕ್ಕ!”

“ಆ ಅಪ್ಪ ಏನಾದ?”

“ಸಿಡ್ಲು ಬಡಿದು ಸತ್ತ. ಅದಕ್ಕ ಸಿಡ್ಲು, ಸಿಡಿಮದ್ದಿನಿಂದ ಕಾಯ್ತಾಳಂತ ಮದ್ದಿನ ಕೆಲಸದೋರು ಆಕಿನ್ನ ನೆನಸ್ತಾರ.”

“ನನ್ನ ಮ್ಯಾಲೂ ಸಿಟ್ಟಾಗ್ಯಾಳೇನಕ್ಕ? ನಾಳಿ ಮತ್ತ ಮದ್ದು ತುಂಬಾಕ ಹೋಗ್ತಾರ ನಮ್ಮನಿಯವರು.”

“ಹುಚ್ಚಿ! ಒತ್ತಾಯದ ತಾಳಿ ಒಲ್ಲೆ ಅಂದಾಕಿ. ಉಪಕಾರ ನೆನಸಿ ಕಟ್ಟಿದ್ದನ್ನ ಯಾಕ ಒಲ್ಲೆ ಅಂತಾಳ?”

“ಫಾದರ್ ನೋಡಿದ್ರ ಏನ್ ಮಾಡೂದಕ್ಕ?”

“ಚರ್ಚ್ ಕಸ ಹೊಡಿಯಾಕಿ ನಾನ. ಅವರು ಬರೂದ್ರಾಗ ಮ್ಯಾಲ ಮಲ್ಲಿಗಿ ಮಾಲಿ ಹಾಕಿ ಮುಚ್ಚಿಬಿಡ್ತೀನಿ. ಏಳು, ಜಲ್ದಿ.”

ತಾಯಕ್ಕ ಕಣ್ಣೊರೆಸಿಕೊಂಡು ನಕ್ಕಳು. ಇಬ್ಬರೂ ಹೂವಿನಂಗಡಿಯ ಕಡೆ ಓಡುನಡಿಗೆಯಲ್ಲಿ ಹೊರಟರು.

ಹತ್ತು ಗಂಟೆಗೆ ಪೂಜಿತಾ ಕೆಲಸಕ್ಕೆ ಹಾಜರಾಗಲು ಅದೇ ಫಾದರ್ ಮುಂದೆ ನಿಲ್ಲಬೇಕಿತ್ತು. ಈ ಮಾತನ್ನು ಅವರಿಗಷ್ಟೇ ಅಲ್ಲ, ಯಾರಿಗೂ ಹೇಳಬಾರದೆಂದು ಆಕೆ ಮನಸ್ಸು ಗಟ್ಟಿ ಮಾಡಿಕೊಂಡಳು.