ಕಸೂತಿ ಗುಂಪಿನ ಗೆಳತಿ

ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಿದ್ದ ನರ್ಸ್‌ಗೆ ಪಕ್ಕದವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಬ್ಬಾಕೆ ಬಟ್ಟೆ ಹೊಲಿಯುವವಳು, ಇನ್ನೊಬ್ಬಳು ಅವಳ ನಾದಿನಿ.

“ಅತ್ತಿಗೆ, ಮೂರು ವರ್ಷದಿಂದ ಫೋನಲ್ಲಿ ಒಬ್ಬರಿಗೊಬ್ಬರು ಬರ್ಕೋತಿದ್ದೀರ. ಈಗ್ಯಾಕೆ ಮದುವೆ ಹೆಣ್ಣಿನ ಹಾಗೆ ಬೆವರ್ತೀರ?”

“ಬರೆದಿದ್ದೆಲ್ಲ ದಾರದ್ದೇ ಕಣೇ. ಕಸೂತಿ ಗುಂಪಲ್ಲಿ ಅವರ ಕೈ ನೋಡಿದ್ದೀನಿ, ಮುಖ ನೋಡಿಲ್ಲ.”

“ಎಲ್ಲಾ ನಿಮ್ಮ ಎಡವಟ್ಟಿಂದ ಶುರುವಾಗಿದ್ದು. ಬಟ್ಟೆಯ ಹಿಂಬದಿ ಫೋಟೊ ಹಾಕಿದ್ರಲ್ಲ!”

“ಗಡಿಬಿಡೀಲಿ ಹಾಕ್ಬಿಟ್ಟೆ. ಎಲ್ಲರೂ ನಕ್ಕರು. ಅವರೊಬ್ಬರೇ, ‘ಹಿಂದೆ ಒಂದು ಗಂಟೂ ಕಾಣಲ್ಲ, ನಂಗೂ ಕಲಿಸ್ತೀರಾ?’ ಅಂತ ಕೇಳಿದ್ರು.”

“ಮತ್ತೇನು ಭಯ?”

“ಅವರು ಕಾಲೇಜಲ್ಲಿ ಪಾಠ ಹೇಳೋರು. ಎರಡು ದಿನ ನಮ್ಮನೇಲಿ ಇರ್ತಾರೆ. ಎದುರಿಗೆ ಕೂತ್ರೆ ನಾನೇನು ಮಾತಾಡ್ಲಿ? ಬಾಯಿಗೆ ಬೀಗ ಬಿದ್ರೆ?”

“ನಿಮ್ಮ ಬಾಯಿಗೆ ಬೀಗವಾ? ಅಣ್ಣ ಇಷ್ಟು ವರ್ಷದಿಂದ ಅದನ್ನೇ ಹುಡುಕ್ತಿದ್ದಾನೆ!”

ಬಸ್ಸು ಬಂತು. ಕನ್ನಡಕದ ಹೆಂಗಸೊಬ್ಬರು ಇಳಿದು ಆಚೀಚೆ ನೋಡಿದರು. ಅತ್ತಿಗೆ ಎದ್ದು ಕೈ ಎತ್ತಿದಳು. ಅವರು ನೇರ ಅವಳ ಬಳಿಗೆ ಬಂದರು.

“ನೀವೇ ತಾನೆ? ಮೊದಲು ಒಂದು ಸೂಜಿ ಕೊಡಿ. ಕಿಟಕಿ ಮೊಳೆಗೆ ಸಿಕ್ಕಿ ರವಿಕೆ ತೋಳಿನ ಹೊಲಿಗೆ ಬಿಚ್ಚಿಹೋಯ್ತು.”

“ಅಯ್ಯೋ, ಯಾರ್ರೀ ಇಷ್ಟು ದೂರ ದೂರ ಹೊಲಿಗೆ ಹಾಕಿರೋರು? ಬಿಚ್ಚದೆ ಇನ್ನೇನಾಗುತ್ತೆ!”

“ನಾನೇ!”

ಅತ್ತಿಗೆ ನಾಲಿಗೆ ಕಚ್ಚಿಕೊಂಡಳು. ಬಂದವರು ಜನರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ನಕ್ಕರು.

“ಮನೆಗೆ ಬನ್ನಿ, ಹೊಲಿಗೆ ಪೂರ್ತಿ ಬಿಚ್ಚಿ ಹೊಸದಾಗಿ ಹಾಕೋಣ. ದಾರ ಯಾವುದು ಬಳಸಿದ್ರಿ?”

ಬಿಚ್ಚಿದ ರವಿಕೆ ತೋಳನ್ನು ಇಬ್ಬರೂ ಹಿಡಿದು ನೋಡುತ್ತ, ಮಾತು ನಿಲ್ಲಿಸದೆ ನಿಲ್ದಾಣದ ಬಾಗಿಲ ಕಡೆ ನಡೆದರು. ಚೀಲಗಳೆಲ್ಲ ನಾದಿನಿಯ ಪಾಲಿಗೆ ಬಂದವು.