ಎರಡನೇ ಸಾಕ್ಷಿಯ ಹೆಬ್ಬೆಟ್ಟು

ಸಾವಿರದ ಒಂಬೈನೂರ ನಲವತ್ತೇಳರ ಉತ್ತರೆ ಮಳೆ. ಹನಕೆರೆ ಸ್ಟೇಷನ್ನಿನಲ್ಲಿ ನಾವು ನಾಲ್ಕೈದು ಜನ ಮಂಡ್ಯಕ್ಕೆ ಹೋಗುವ ಬೆಳಗಿನ ರೈಲಿಗೆ ಕಾಯುತ್ತ ಕುಳಿತಿದ್ದೆವು. ಮದ್ದೂರಿನ ಹತ್ತಿರ ಹಳಿಯ ಮೇಲೆ ನೀರು ನಿಂತಿದೆ, ಗಾಡಿ ಯಾವಾಗ ಬಂದೀತೋ ಹೇಳಲಾರೆ ಎಂದು ಸ್ಟೇಷನ್ ಮಾಸ್ತರರು ಒಳಗೆ ಹೋಗಿ ಕದ ಹಾಕಿಕೊಂಡಿದ್ದರು. ಹಗಲು ಹತ್ತು ಗಂಟೆಗೇ ಮೋಡ ಕವಿದು ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

ನನ್ನ ಕಸುಬು ಮಂಡ್ಯದ ರಿಜಿಸ್ಟ್ರಿ ಕಚೇರಿಯ ಮುಂದೆ ಕುಳಿತು ಕ್ರಯಪತ್ರ, ಪಾಲುಪತ್ರ, ಉಯಿಲು ಬರೆಯುವುದು. ಅದನ್ನು ತಿಳಿದ ಬಳೆ ವ್ಯಾಪಾರಿ ಮಕ್ಸೂದ್ ಸಾಬರು, ವಿಧವೆ ತಂಗಿಯ ಹೆಸರಿಗೆ ಒಂದು ಮನೆ ಬರೆದಿಡಬೇಕು, ಆದರೆ ಅವಸರವೇನಿಲ್ಲ, ಮುಂದಿನ ವರ್ಷ ನೋಡೋಣ ಎಂದರು. ಬೆಂಚಿನ ಆ ತುದಿಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಮುದುಕಿಯ ಕೈ ನಿಂತಿತು. ಚಿಕ್ಕರಸಿನಕೆರೆಯ ಕಡೆಯವಳು, ಚಿಕ್ಕಬೋರಮ್ಮ ಎಂದು ಹೆಸರು. ಅಲ್ಲಿಯವರೆಗೂ ಯಾರೊಂದಿಗೂ ಮಾತಾಡಿರಲಿಲ್ಲ.

“ಮುಂದಿನ್ ವರ್ಸ ನೀವು ಇರ್ತೀರ ಅಂತ ಯಾರು ಬರ್ಕೊಟ್ಟವ್ರೆ ಸಾಬ್ರೆ? ನಾಳೆ ಅಂದೋನ ಮನೆ ಆಳು. ಇತ್ಲಾಗ್ ಬನ್ನಿ ಎಲ್ರೂ... ಗಾಡಿ ಏನು ಈಗ್ಲೇ ಬರಾಕಿಲ್ಲ. ಒಂದು ಎಬ್ಬೆಟ್ಟು ನಾಳೆ ಅಂದಿದ್ದುಕ್ಕೆ ನಮ್ಮೂರಲ್ಲಿ ಏನಾಯ್ತು ಅಂತ ಯೋಳ್ತೀನಿ. ಮಧ್ಯೆ ಯಾರೂ ಬಾಯಾಕ್ಬ್ಯಾಡಿ, ನಂಗೆ ಸಿಟ್ಟು ಬತ್ತದೆ.”

ನಾವು ಒದ್ದೆ ಕಂಬಳಿ ಹೊದ್ದು ಅವಳ ಹತ್ತಿರಕ್ಕೆ ಸರಿದೆವು. ಅವಳು ಎಲೆಅಡಿಕೆಯನ್ನು ದವಡೆಗೆ ಒತ್ತಿಕೊಂಡು ಶುರು ಮಾಡಿದಳು.

“ನಮ್ ಪಕ್ಕದ್ ಮನೆ ಚೌಡಯ್ಯ. ಗೋಡೆಗೆ ಗೋಡೆ. ಅವ್ನು ಬೆವರು ಸುರ್ಸಿ ಮೂರೆಕ್ರೆ ಬೀಳು ತಗಂಡಿದ್ದ, ಆವಾಗ ಜನ ನಗ್ತಿದ್ರು, ಉಳ್ಳಿ ಚೆಲ್ಲುದ್ರೆ ಉಳ್ಳೀನೂ ಬರಾಕಿಲ್ಲ ಅಂತ. ಆಮೇಲ್ ನಾಲೆ ಬಂತು ನೋಡು... ಮಂಡ್ಯದಲ್ಲಿ ಸಕ್ರೆ ಕಾರ್ಖಾನೆ ಎದ್ತು, ಮೂರೆಕ್ರೇಲಿ ಆಳುದ್ದ ಕಬ್ಬು, ಒಡಹುಟ್ಟಿದೋರೆಲ್ಲ ಬದುವಿನ್ ಮ್ಯಾಲೆ ಮಚ್ಚು ಇಡ್ಕಂಡು ನಿಲ್ಲೋ ಕಾಲ ಬಂತು. ಚೌಡಯ್ಯಂಗೆ ಇಬ್ರು ಗಂಡ್ಮಕ್ಳು. ದೊಡ್ಡೋನು ಆವು ಕಚ್ಚಿ ಓದ. ಅವನೆಂಡ್ತಿ ಮಾಯಮ್ಮ, ಮೂರು ವರ್ಸದ ಎಣ್ಮಗು ಕಟ್ಕಂಡು ಮಾವನ ಮನೇಲೇ ಗೇಯ್ತಿದ್ಲು. ಚಿಕ್ಕೋನು ಅಂಕಯ್ಯ. ಅಂಕಯ್ಯ ಎಂಥೋನು ಅಂತೀರಾ? ಎತ್ತಿಗೆ ಮುಳ್ಗೋಲಲ್ಲಿ ಚುಚ್ಚಿ, ರಕ್ತ ಬಂದ್ಮ್ಯಾಲೆ ನಗೋನು. ಮುದ್ಕಂಗೆ ಗೊತ್ತಿತ್ತು, ನಾನು ಕಣ್ಮುಚ್ಚುದ್ರೆ ಇವ್ನು ಆ ತಬ್ಲಿಗಳ್ನ ಬೀದಿಗೆ ನೂಕ್ತಾನೆ ಅಂತ. ಅದುಕ್ಕೆ ಆ ಮೂರೆಕ್ರೇನೂ ಸೊಸೆ ಹೆಸ್ರಿಗೆ ಉಯಿಲು ಬರ್ಸುದ.

“ಉಯಿಲಿಗೆ ಇಬ್ರು ಸಾಕ್ಸಿ ಬೇಕಲ್ಲ. ಒಬ್ನು ಮದ್ದೂರಿನ ನಜೀರ್ ಅಹ್ಮದ್, ಎತ್ತಿಗೆ ಲಾಳ ಕಟ್ಟೋನು. ಚೊಕ್ಕ ಮನ್ಸ. ಅವತ್ತೇ ಅವನ್ ಬರವಣಿಗೇಲಿ ರುಜು ಆಕ್ಬುಟ್ಟ. ಇನ್ನೊಬ್ನು ಹೊನ್ನಯ್ಯ... ನನ್ ಗಂಡ. ಮುಖ ಯಾಕ್ ಅಂಗ್ ಮಾಡ್ತೀರಿ? ಗಂಡನ್ ಹೆಸ್ರು ಯೋಳಾಕೆ ನಾಚೋ ಕಾಲ ನಂಗೆ ಯಾವತ್ತೋ ಓಯ್ತು. ಅವ್ನು ಎಬ್ಬೆಟ್ಟು ಒತ್ಲಿಲ್ಲ. ಸಾಯೋ ಪತ್ರಕ್ಕೆ ಅಮಾಸೆ ದಿನ ಒತ್ತುದ್ರೆ ಒತ್ತುದೋನೂ ಜತೇಲೇ ಓಯ್ತಾನಂತೆ, ನಮ್ ಕಡೆ ಅಂಗೊಂದು ಮಾತೈತೆ. ಅಮಾಸೆ ಕಳೀತು, ಮಂಗಳವಾರ ಬ್ಯಾಡ ಅಂದ. ಮಂಗಳವಾರ ಕಳೀತು, ಯುಗಾದಿ ಆಗ್ಲಿ ಅಂದ. ಯುಗಾದಿ ಆಯ್ತು, ಆಸಾಢ ಬಂತು. ಚೌಡಯ್ಯ ಬೇಸತ್ತು, ಪತ್ರಾನ ಬಿದಿರಿನ್ ಕೊಳ್ವೇಲಿ ಇಟ್ಟು, ಬಾಯಿಗೆ ಮೇಣ ಮೆತ್ತಿ ಮನೆ ಮುಂದಿನ್ ಅಗೇವಿಗೆ ಇಳ್ಸಿದ್ದ. ಅಗೇವು ಗೊತ್ತಲ್ಲ, ನೆಲದೊಳ್ಗೆ ರಾಗಿ ತುಂಬೋ ಗುಂಡಿ. ಮ್ಯಾಲೆ ಒಬ್ಬಾಳು ಇಳ್ಯೋವಷ್ಟು ಬಾಯಿ, ಒಳ್ಗೆ ಕ್ವಾಣೆಯಂಗೆ ಅಗ್ಲ. ಚಪ್ಪಡಿ ಎಳ್ದು ಮಣ್ ಮುಚ್ಚುದ್ರೆ ಗೆದ್ಲು ಮುಟ್ಟಾಕಿಲ್ಲ. ಅಲ್ಲೈತೆ ಅಂತ ಮಾಯಮ್ಮಂಗೆ ಒಬ್ಳಿಗೇ ಯೋಳಿದ್ದ.

“ಗೌರಿ ಹಬ್ಬಕ್ಕೆ ಮಾಯಮ್ಮ ಮಗೀನ್ ಕರ್ಕಂಡು ಮಳವಳ್ಳಿಗೆ, ತೌರಿಗೆ ಓದ್ಲು. ಚೌಡಯ್ಯ ನನ್ ಗಂಡನ್ ಕರ್ದು, ಹಬ್ಬ ಆಗ್ಲಿ, ಪತ್ರ ಈಚೆಗೆ ತೆಗೀತೀನಿ, ನೀನು ಒತ್ಲೇಬೇಕು ಅಂದ. ನನ್ ಗಂಡ ಊಂ ಅಂದ್ಬುಟ್ಟು ನೆಟ್ಗೆ ಓಗಿ ಅಂಕಯ್ಯಂಗೆ ಯೋಳ್ಬುಟ್ಟ! ಯಾಕ್ ಯೋಳುದ್ಯೋ ಮೂಳ ಅಂತ ನಾನು ಕೇಳ್ಲಿಲ್ಲ. ಕೇಳ್ಬೇಕಿತ್ತು.

“ಸಂಜೆ ಮುಂದೆ ಪಕ್ಕದ್ ಮನೇಲಿ ಗುದ್ದೋ ಸದ್ದು. ನಾನು, ಹಬ್ಬಕ್ಕೆ ಅಕ್ಕಿ ಕುಟ್ತಾವ್ರೆ ಅಂದ್ಕಂಡೆ... ಒನಕೆ ಸದ್ದೇ ಅದು. ಅಕ್ಕಿ ಅಲ್ಲ. ‘ಪತ್ರ ಎಲ್ಲಿ ಯೋಳು, ಪತ್ರ ಎಲ್ಲಿ ಯೋಳು’ ಅಂತ ಅಂಕಯ್ಯ ಒಂದೊಂದು ಏಟಿಗೂ ಅಪ್ಪನ್ನ ಕೇಳ್ತಿದ್ದ. ಮುದ್ಕ ಯೋಳ್ಲಿಲ್ಲ. ಮಂಡಿ ಮುರ್ದ, ಯೋಳ್ಲಿಲ್ಲ. ಪಕ್ಕೆ ಮುರ್ದ, ಯೋಳ್ಲಿಲ್ಲ. ಆಮೇಲೆ ತಲೆ. ಆಮೇಲೆ ಅಂಕಯ್ಯ ಗೋಡೆ ಮ್ಯಾಲಿಂದ ಬಗ್ಗಿ ನಮ್ಮಿಬ್ರುನೂ ಕರ್ದ. ಓಗಿ ನೋಡ್ತೀವಿ, ನೆಲದ್ ತುಂಬ ರಕ್ತ, ಅದ್ರಲ್ಲೇ ಕೋಳಿ ಓಡಾಡ್ತಾವೆ.

“ಅಂಕಯ್ಯ ಮೊದ್ಲೇ ಒಂದು ಕಳ್ಳ ಉಯಿಲು ಬರ್ಸಿಟ್ಟಿದ್ದ, ಎಲ್ಲಾ ತನ್ಗೇ ಅಂತ. ಒಂದು ಸಾಕ್ಸಿಗೆ ಅವನ್ ಬಾವಮೈದ ಆಗ್ಲೇ ರುಜು ಆಕಿದ್ದ. ದೀಪದ್ ಕಪ್ಪಿಗೆ ಅರಳೆಣ್ಣೆ ಕಲ್ಸಿ ಎಣದ ಎಡಗೈ ಎಬ್ಬೆಟ್ಟಿಗೆ ಬಳ್ದ. ಕೈ ಮುಷ್ಟಿ ಕಟ್ಟಿತ್ತು, ಬಿಚ್ಚಾಕಿಲ್ಲ ಅಂತು. ಕಾಲಲ್ಲಿ ಮೆಟ್ಟಿ, ಲಟಕ್ಕನೆ ಮುರ್ದು, ಬೆರ್ಳು ಬಿಡ್ಸಿ ಪತ್ರಕ್ಕೆ ಒತ್ತುದ. ‘ಹೊನ್ನಯ್ಯ, ನಾಲೆ ಪಕ್ಕದ್ ಅರ್ಧ ಎಕ್ರೆ ನಿಂದು. ಒತ್ತು’ ಅಂದ. ಅವತ್ತು ಯಾವ್ ವಾರ ಗೊತ್ತಾ? ಮಂಗಳವಾರ! ನನ್ ಗಂಡ ಅಮಾಸೆ ಕೇಳ್ಲಿಲ್ಲ, ವಾರ ಕೇಳ್ಲಿಲ್ಲ. ಒತ್ಬುಟ್ಟ. ನಾನೇನು ಸಾಚಾನಾ? ಎಣದ ಎಬ್ಬೆಟ್ಟು ತೊಳೀಲಿ ಅಂತ ನಂಗೆ ಬುಟ್ರು. ಉಣಸೇಹಣ್ಣು ಆಕಿ ಉಜ್ಜುದೆ, ಬೂದಿ ಆಕಿ ಉಜ್ಜುದೆ, ಚರ್ಮ ಸುಲೀತು, ಕಪ್ಪು ಓಗ್ಲಿಲ್ಲ. ಅಟ್ಟದಿಂದ ಬಿದ್ದು ಸತ್ತ ಅಂತ ಊರಿಗೆ ಯೋಳಿ ಮಣ್ ಮಾಡುದ್ವಿ.

“ಅನ್ನೊಂದನೇ ದಿನದ್ ತಿಥಿ. ಜನ ಎಲ್ಲಾ ಸೇರವ್ರೆ. ಅಂಕಯ್ಯ ಕಳ್ಳ ಪತ್ರ ಓದುಸ್ದ. ಮಾಯಮ್ಮ ಅಳ್ಲಿಲ್ಲ ಕಣ್ರಪ್ಪ, ಎದ್ದು ನಿಂತು, ನಮ್ಮಾವ ಬರ್ಸಿದ್ ಪತ್ರ ಅಗೇವಲ್ಲೈತೆ, ನಾಳೆ ಮಧ್ಯಾನ ನಜೀರಣ್ಣನೂ ಬರ್ಲಿ, ಎಲ್ರ ಮುಂದೆ ಬಾಯಿ ತೆಗೀರಿ ಅಂದ್ಲು. ಯಜಮಾನ್ರು ಒಪ್ಪುದ್ರು. ಆದ್ರೆ ಕಳ್ಳನ್ ಮನಸ್ಸು ಉಳ್ಳುಳ್ಳಗೆ ಅಲ್ವಾ? ಬೆಳಕು ಅರಿಯೋವಾಗ್ಲೇ ಅಂಕಯ್ಯ ನಮ್ಮಿಬ್ರುನೂ ಎಬ್ಸಿ ಚಪ್ಪಡಿ ಸರ್ಸುದ. ಅಗೇವು ಬಾಯಿ ತೆಗುದ್ರೆ ಒಳ್ಗಿನ್ ಕೆಟ್ಟ ಗಾಳಿ ಓಗಾಕೆ ಅರ್ಧ ದಿನ ಬುಡ್ಬೇಕು. ಆಮೇಲೆ ಅಗ್ಗದಲ್ಲಿ ದೀಪ ಇಳ್ಸಿ, ದೀಪ ಉರುದ್ರೆ ಮನ್ಸ ಇಳೀಬೋದು, ಆರಿದ್ರೆ ಇಳ್ಯಂಗಿಲ್ಲ. ಇದು ನಮ್ಮೂರ್ ಮಕ್ಳಿಗೂ ಗೊತ್ತು. ಅಷ್ಟೊತ್ತಿಗೆ ಜನ ಬತ್ತಾರೆ ಅಂತ ಅವ್ನು ದೀಪಾನೂ ಇಳ್ಸಲಿಲ್ಲ. ಸೊಂಟಕ್ಕೆ ಅಗ್ಗ ಕಟ್ಕಂಡು ಇಳ್ದ.

“ಇಳ್ದು ಎಷ್ಟೊತ್ತು? ಒಂದು ಎಲೆ ಮಡ್ಸೋವಷ್ಟು. ಒಳಗಿಂದ ‘ಅಪ್ಪಾ, ಕೊಳ್ ಬುಡು... ಬುಡಪ್ಪಾ’ ಅಂತ ಕೂಗು. ಅಗ್ಗ ಬಲೆಗೆ ಬಿದ್ದ ಅಂದಿಯಂಗೆ ಎಳೀತು. ತಲೆ ಕಲ್ಲಿಗೆ ಬಡ್ಯೋ ಸದ್ದು... ಒಂದು, ಎರಡು... ನಾನು ಕಿವಿ ಮುಚ್ಕಂಡೆ. ಸದ್ದು ನಿಂತ್ಮ್ಯಾಲೆ ನಾವಿಬ್ರೂ ಎಳೆದ್ವಿ. ಬಂತು ಎಣ. ಮುಖ ಅಂತ ಇರ್ಲಿಲ್ಲ. ಅಗೇವಿನ್ ಗಾಳಿ ಕುಡ್ದು ಸತ್ತ ಅಂದ್ರು ಜನ. ಆಗ್ಲಪ್ಪ, ಗಾಳಿಗೆ ಎಬ್ಬೆಟ್ಟು ಇರ್ತದಾ? ಗಂಟ್ಲ ಎರಡೂ ಕಡೆ ಕಪ್ಪು ಎಬ್ಬೆಟ್ಟು ಮೂಡಿತ್ತು, ಅರಳೆಣ್ಣೆ ವಾಸ್ನೆ ಒಡೀತಿತ್ತು. ಕೈಯಲ್ಲಿ ಬಿದಿರಿನ್ ಕೊಳ್ವೆ. ಆವಾಗ ಕೆಳಗಿಂದ ಚೌಡಯ್ಯನ್ ದನಿ, ಮೆಲ್ಲಗೆ, ಕೋಪ ಇಲ್ಲ ಏನಿಲ್ಲ, ‘ಹೊನ್ನಯ್ಯ, ನಿನ್ ಎಬ್ಬೆಟ್ಟೊಂದು ಬಾಕಿ ಐತೆ ಕಣ್ಲಾ.’

“ಆವಾಗ್ಲಾದ್ರೂ ಒತ್ಬೇಕಿತ್ತಲ್ವಾ? ಒತ್ಲಿಲ್ಲ. ಅರ್ಧ ಎಕ್ರೆ ಬುಡಾಕೆ ಮನ್ಸಿಲ್ಲ, ಜೈಲಿನ್ ಭಯ ಬ್ಯಾರೆ. ನಾನು ಕೊಳ್ವೇನ ಮಡ್ಲಿಗೆ ಸೇರ್ಸುದೆ. ಮಧ್ಯಾನ ಜನ ಬಂದ್ರು, ಅಗೇವಲ್ಲಿ ಏನೂ ಇರ್ಲಿಲ್ಲ ಅಂದ್ವಿ. ನಜೀರ್ ಅಹ್ಮದ್ ಅಲ್ಲಾನ್ ಮ್ಯಾಲೆ ಆಣೆ ಇಟ್ಟು, ನಾನು ರುಜು ಆಕಿವ್ನಿ ಅಂತ ಗೋಳಾಡ್ದ. ಪತ್ರ ತೋರ್ಸು ಅಂದ್ರು, ಎಲ್ಲಿಂದ ತತ್ತಾನೆ? ಅಂಕಯ್ಯನ್ ಬಾವಮೈದ್ರು ಮಾಯಮ್ಮನ್ ಜುಟ್ಟು ಇಡ್ದು ಬಾಗ್ಲಿಂದ ಬೀದಿಗಂಟ ಎಳ್ದಾಕುದ್ರು. ಆ ಮಗು ಅವ್ರ ಕಾಲು ಕಚ್ತು. ಅದ್ನೂ ಒದ್ದ್ರು. ಹೊಸ್ಲಲ್ಲಿ ಅವ್ಳ ಕೂದ್ಲು ಬಿದ್ದಿತ್ತು, ಬೇರು ಸಮೇತ. ಎರಡು ವಾರ ನಂಗೆ ಊಟ ಸೇರ್ಲಿಲ್ಲ. ಆಮೇಲೆ ಸೇರ್ತು... ಸೇರ್ತಪ್ಪ, ಸುಳ್ಳು ಯಾಕ್ ಯೋಳ್ಲಿ. ಮಾಯಮ್ಮ ಮಂಡ್ಯದಲ್ಲಿ ಕಂಡೋರ್ ಗದ್ದೇಲಿ ಕಬ್ಬು ಕಡ್ಕಂಡು ಬದುಕ್ತಾವ್ಳೆ, ಇವತ್ತಿಗೂ.

“ಬಾಯಿ ಮುಚ್ಕಂಡಿದ್ದುಕ್ಕೆ ಆ ಬಾವಮೈದ್ರು ಬುಟ್ಕೊಟ್ಟ ಅರ್ಧ ಎಕ್ರೆಗೆ ನನ್ ಗಂಡ ನೇಗ್ಲು ಕಟ್ದ. ಸಾಲು ತಿರುಗ್ಸೋ ಕಡೇಲೆಲ್ಲ ಚೌಡಯ್ಯ ಕೂಗೋನು. ಎಡಗೈ ಎಬ್ಬೆಟ್ಟು ಉಗುರಿಂದ ಕಪ್ಪಾಗ್ತಾ ಬಂತು. ಮುದ್ದೆ ಮುಟ್ಟುದ್ರೆ ಮುದ್ದೆ ಕಪ್ಪು. ಒಂದಿನ ಮಟಮಟ ಮಧ್ಯಾನ, ಇಂಗೇ ಮಳೆ. ಕಬ್ಬು ಕಡ್ಯೋ ಮಚ್ಚು ತಗಂಡು ಅಗೇವಿನ್ ಚಪ್ಪಡಿ ಮುಂದೆ ಮಂಡಿ ಊರಿ, ‘ತಗೋ, ನಿಂಗೆ ಬೇಕಾದ್ದು ಇದೇ ಅಲ್ವಾ’ ಅಂತ ಕಿರುಚ್ಕಂಡು ಒಂದೇ ಏಟಿಗೆ ಎಬ್ಬೆಟ್ಟು ಕಡ್ಕಂಡ. ಏಟು ಮಣಿಕಟ್ಟಿಗೂ ಬಿತ್ತು. ನಾನು ಓಡಿ ಬರೋವತ್ತಿಗೆ ರಕ್ತ ಮಳೆ ನೀರಲ್ಲಿ ಬೀದಿಗೆ ಅರೀತಾ ಐತೆ, ಅವ್ನ ಕಣ್ಣು ಮ್ಯಾಲ್ಕಾಗೈತೆ. ಚಪ್ಪಡಿ ಮ್ಯಾಲೆ ಪತ್ರ ಅರಡೈತೆ. ನಾನು ಕೊಳ್ವೇನ ರಾಗಿ ಮಡ್ಕೇಲಿ ಬಚ್ಚಿಟ್ಟಿದ್ದೋಳು, ಯಾರು ತಂದ್ರು? ಸುತ್ತ ನೀರು, ಪತ್ರದ್ ಮ್ಯಾಲೆ ಒಂದನಿ ಇಲ್ಲ. ಎರಡನೇ ಸಾಕ್ಸಿ ಜಾಗ್ದಲ್ಲಿ ರಕ್ತದ್ ಎಬ್ಬೆಟ್ಟು. ಮ್ಯಾಲಿನ್ ಮೂಲೇಲಿ ಇನ್ನೊಂದು, ಕಪ್ಪು ಎಬ್ಬೆಟ್ಟು... ಗಾಳಿಗೆ ಪತ್ರ ಆರೋಗ್ದಂಗೆ ಯಾರೋ ಅದುಮ್ಕಂಡು ಕುಂತಿದ್ದಂಗೆ.

“ಅಷ್ಟಾದ್ರೂ ನಾನು ಕೊಡ್ಲಿಲ್ಲ ಕಣ್ರಪ್ಪ. ಕೊಟ್ರೆ ಅರ್ಧ ಎಕ್ರೆ ಓಯ್ತದೆ, ನನ್ನೊಟ್ಟೆಗೇನು ಅಂತ. ಅದ್ರ ಅನ್ನ ತಿಂದ್ಕಂಡು ಇಷ್ಟು ವರ್ಸ ಕಳ್ದೆ. ಈ ಮಳೆ ಇಡ್ದಾಗಿಂದ ನನ್ ಉಗುರು ನೋಡಿ...”

ಅವಳು ಎಡಗೈ ಚಾಚಿದಳು. ಹೆಬ್ಬೆರಳು ಉಗುರಿನಿಂದ ಗೆಣ್ಣಿನವರೆಗೆ ಕಾಡಿಗೆಯಂತೆ ಕಪ್ಪಾಗಿತ್ತು. ಮಕ್ಸೂದ್ ಸಾಬರು ಮುಖ ತಿರುಗಿಸಿಕೊಂಡರು. ಮಂಡ್ಯದಲ್ಲಿ ಮಾಯಮ್ಮನೂ ನಜೀರ್ ಅಹ್ಮದನೂ ಕಚೇರಿಯ ಹತ್ತಿರ ಕಾಯುತ್ತಿದ್ದಾರೆ, ಇವತ್ತು ಪತ್ರವನ್ನು ಅವಳ ಕೈಗೆ ಕೊಟ್ಟುಬಿಡುತ್ತೇನೆ ಎಂದು ಹೇಳಿ, ಮುದುಕಿ ಮಡಿಲಿನಿಂದ ಬಿದಿರಿನ ಕೊಳವೆ ತೆಗೆದು, ಸರಿಯಾಗಿದೆಯೇ ಓದಿ ನೋಡು ಎಂದು ನನಗೆ ಕೊಟ್ಟಳು.

ಮಸುಕು ಬೆಳಕಿನಲ್ಲಿ ಪತ್ರವನ್ನು ಗಟ್ಟಿಯಾಗಿ ಓದಿದೆ. ಬರವಣಿಗೆ ಚೆನ್ನಾಗಿತ್ತು, ಜಮೀನಿನ ನಾಲ್ಕು ಎಲ್ಲೆ ಹೇಳುವ ಚಕ್ಕುಬಂದಿ ಸರಿಯಾಗಿತ್ತು. ರಕ್ತದ ಗುರುತು ಒಣಗಿ ಕಂದಾಗಿತ್ತು. ಅದರ ಕೆಳಗೆ ಬರೆದಿದ್ದ ತಾರೀಖು ಚೌಡಯ್ಯ ಬದುಕಿದ್ದಾಗಿನದು, ಆದರೆ ಹೆಬ್ಬೆಟ್ಟು ಬಿದ್ದದ್ದು ಅವನು ಸತ್ತ ಮೇಲೆ ಎಂದು ಈಗ ತಾನೇ ಕೇಳಿದ್ದೆ. ಕಸುಬಿನ ಮಾತು ನಾಲಗೆಗೆ ತಾನಾಗಿ ಬಂತು.

“ಸಾಕ್ಷಿ ಹಾಕೋವಾಗ ಬರೆಸಿದವರು ಎದುರಿಗಿರಬೇಕು ಅಜ್ಜಿ. ಅವರು ಹೋದ ಮೇಲೆ ಹಾಕಿದ ಹೆಬ್ಬೆಟ್ಟು ಲೆಕ್ಕಕ್ಕಿಲ್ಲ. ಈ ಪತ್ರ ನಿಲ್ಲೋದಿಲ್ಲ, ಮಾಯಮ್ಮನಿಗೆ ಇದರಿಂದ ಏನೂ ಸಿಗೋದಿಲ್ಲ.”

ಮುದುಕಿ ನನ್ನ ಮುಖ ನೋಡಲಿಲ್ಲ. ನನ್ನ ಹೆಗಲಿನಾಚೆ ನೋಡುತ್ತ ಕೈ ಚಾಚಿ ಪತ್ರವನ್ನು ಇಸಿದುಕೊಂಡಳು.

“ಎದುರ್ಗಿದ್ದ ಕಣ್ ಮಗ. ನಿಮ್ ಕಚೇರಿ ಸಾಹೇಬ್ರು, ಎಲ್ಲಿ ಬರ್ಸಿದೋನು ಅಂತ ಕೇಳ್ತಾರೇನೋ ಅಂತ ಅವನ್ನೂ ಜತೇಲೇ ಕರ್ಕಂಡ್ ಬಂದಿವ್ನಿ. ಈ ಬೆಂಚಲ್ಲೇ ಕುಂತಿದ್ದ. ನೀನು ಬಂದು ಕುಂತ್ಯಲ್ಲ, ಆವಾಗಿಂದ ಎದ್ದು ನಿನ್ ಬೆನ್ನಿಂದೇನೇ ನಿಂತವ್ನೆ, ನೀನ್ ಓದಿದ್ದೆಲ್ಲಾ ಕೇಳುಸ್ಕಂಡವ್ನೆ... ಈಗ ಅಂದ್ಯಲ್ಲ, ಈ ಪತ್ರ ನಿಲ್ಲಾಕಿಲ್ಲ ಅಂತ. ಅದ್ನ ಇನ್ನೊಂದ್ ಸಲ ಅನ್ಬ್ಯಾಡ ಮಗ.”