ವಿಭೂತಿ ಮೆತ್ತಿದ ಚಾವಿ

ಆ ರಾತ್ರಿ ಈರಬಸಪ್ಪ ಬಾಂವಿ ಬಾಜೂಕ ಒಬ್ಬನ ನಡಕೋತ ಹೊಂಟಿದ್ದ. ಕೈಯಾಗ ಕಾರಿನ ಚಾವಿ. ಕಾರು ಹಿಂದ, ರಸ್ತಾದ ಮ್ಯಾಲ, ಕುಂತ ಎಮ್ಮಿಯಂಗ ನಿಂತಿತ್ತು. ಸುತ್ತಲೂ ಎರಿ ಹೊಲ. ಮಳಿ ನಿಂತಿತ್ತು... ಆದ್ರ ಹುಣಸಿ ಗಿಡದಿಂದ ಹನಿ ಬೀಳೂದು ನಿಂತಿದ್ದಿಲ್ಲ. ಟಪ್... ಟಪ್...

ಈರಬಸಪ್ಪ ಅಂದ್ರ ನಮ್ಮ ಕಾಕಾನ ಮಗ, ಬಮ್ಮಿಗಟ್ಟ್ಯಾಂವ. ಅಂವಗ ಸುಳ್ಳ ಹೇಳಾಕ ಬರೂದಿಲ್ಲ. ಸುಳ್ಳ ಹೇಳೂವಷ್ಟು ತಲಿ ಇದ್ದಿದ್ರ ಆ ಹಳೇ ಅಂಬಾಸಿಡರ್ ಗಾಡಿ ಯಾಕ ತಗೊತಿದ್ದ? ಯಾರೂ ನಗಬ್ಯಾಡ್ರಿ. ಹಿಂದೊಮ್ಮೆ ಇದನ್ನ ಹೇಳುವಾಗ ಒಬ್ಬಾಂವ ನಡಕ ನಕ್ಕ, ನಾ ಎದ್ದ ಹೋದ್ನಿ. ಇವತ್ತೂ ಹೋಗತೇನಿ. ಕಂದೀಲು ಸಣ್ಣ ಮಾಡಿ ಗಪ್ಪ ಕೇಳ್ರಿ.

ಅಂವ ಯಾಕ ನಡಕೋತ ಹೊಂಟಿದ್ದ ಅನ್ನೂದು ಮೊದಲ ಹೇಳತೇನಿ. ಎಂಬತ್ತಾರನೇ ಇಸವಿ ಇರಬೇಕು, ಪಂಚಮಿ ಹಬ್ಬ. ನಮ್ಮ ಕಡೆ ಪಂಚಮಿ ಅಂದ್ರ ಕೊಟ್ಟ ಹೆಣ್ಣಮಕ್ಕಳು ತವರಿಗೆ ಬರೂ ಹಬ್ಬ. ಅಣ್ಣ ಹೋಗಿ ಕರಕೊಂಡ ಬರಬೇಕು. ತಾನ ಎದ್ದ ಬಂದ್ರ ಮರ್ಯಾದಿ ಅಲ್ಲ. ಅಣ್ಣ ಬರಲಿಲ್ಲಂದ್ರ ಅತ್ತಿ ಮನ್ಯಾಗ ಮುಂದಿನ ಪಂಚಮಿತನಕ ಮಾತ ಕೇಳಬೇಕು. ಈರಬಸಪ್ಪಗ ಒಬ್ಬಾಕಿನ ತಂಗಿ, ಗೌರಕ್ಕ. ಕುಂದಗೋಳದ ಆಚೆ ಒಂದ ಹಳ್ಳಿಗೆ ಕೊಟ್ಟಾರ. ಊರ ಹೆಸರು ಹೇಳಂಗಿಲ್ಲ, ಬೀಗರು ಇನ್ನೂ ಅಲ್ಲೇ ಅದಾರ.

ಹಿಂದಿನ ವರ್ಷ ಹಳ್ಳ ಬಂದು ಬಸ್ಸ ನಿಂತು ಇಂವ ಹೋಗಲಿಲ್ಲ. ಗೌರಕ್ಕ ಟ್ರಂಕ್ ತುಂಬಿಕೊಂಡು ಕಟ್ಟಿ ಮ್ಯಾಲ ಕುಂತಾಕಿ, ಓಣ್ಯಾಗಿನ ದೀಪ ಎಲ್ಲಾ ಆರಿದ್ರೂ ಎದ್ದಿದ್ದಿಲ್ಲಂತ. ಅವರತ್ತಿ ಸಾವಿತ್ರೆವ್ವ "ನಿಮ್ಮಣ್ಣಗ ದಾರಿ ಮರತೈತೇನವಾ" ಅಂತ ಚುಚ್ಚಿ ಚುಚ್ಚಿ ಇಟ್ಲು. ಅದಕ್ಕ ಈ ಸಲ ಇಂವ ಹೇಳಿ ಕಳಿಸಿದ್ದ, ಸ್ವಂತ ಗಾಡಿ ತಗೊಂಡ ಬರತೇನಿ, ಪಂಚಮಿ ಹಿಂದಿನ ದಿನ, ರೊಟ್ಟಿ ಹಬ್ಬಕ್ಕ, ಹೊತ್ತ ಮುಣಗೂದ್ರಾಗ ನಿಮ್ಮ ಬಾಗಲದಾಗ ಇರತೇನಿ ಅಂತ. ಗೌರಕ್ಕ ತಿರುಗಿ ಹೇಳಿ ಕಳಿಸಿದ್ಲು, ಈ ಸಲಾನೂ ಬರಲಿಲ್ಲಂದ್ರ ಇನ್ನ ನಾ ತವರಿನ ಹೆಸರು ಎತ್ತಂಗಿಲ್ಲ. ಆಕಿ ಹಟಾ ನಮಗೆಲ್ಲಾ ಗೊತ್ತ ಇತ್ತು. ಅಂದಂಗ ಮಾಡಾಕೀನ ಆಕಿ.

ಈಗ ಗಾಡಿ ಕೇಳ್ರಿ. ಎಡಗಡಿ ಹಿಂದಿನ ಬಾಗಲದ ಕೊಂಡಿ ಮುರದಿತ್ತು. ಒಳಗಿಂದ ತಂತೀಲೆ ಬಿಗದಿತ್ತು, ಅದು ತಗಿಯಾಕ ಬರತಿದ್ದಿಲ್ಲ. ಇದನ್ನ ನೆನಪ ಇಟಗೋರಿ. ಗಾಡಿಗೆ ಇದ್ದದ್ದು ಒಂದ ಚಾವಿ. ಮತ್ತ ಆ ಚಾವಿಗೆ ನಮ್ಮ ಚಿಗವ್ವ, ಈರಬಸಪ್ಪನ ತಾಯಿ ಕಸ್ತೂರೆವ್ವ, ಅಮಾಸಿಗೊಮ್ಮೆ ಪೂಜಾ ಮಾಡಾಕಿ. ಗಾಡಿ ಜೀವ ಚಾವ್ಯಾಗ ಇರತೈತಿ ಅಂತ ಆಕಿ ನಂಬಿಗಿ. ವಿಭೂತಿ ನೀರಾಗ ಕಲಸಿ ದಪ್ಪಗೆ ಹಚ್ಚೂದು, ಮ್ಯಾಲ ಕುಂಕುಮ. ಹಚ್ಚಿದ್ದನ್ನ ಒರಸಬಾರದು. ಒರಸಿದ್ರ ದೇವರನ್ನ ಒರಸಿದಂಗ. ಮಗಾನೂ ತಾಯಿ ಮಾತು ಮೀರಾಂವಲ್ಲ. ಹಂಗ ಒಯ್ದು ಲಾಕಿನಾಗ ತುರಕಾಂವ. ಅವತ್ತ ತಂಗಿನ ಕರ್ಯಾಕ ಹೊಂಟಾನಂತ ಚಿಗವ್ವ ಹಾಲು, ಬೆಲ್ಲಾನೂ ಹಚ್ಚಿದ್ಲು. ಏನಾಗೂದೈತಿ ಅಂತ ನಿಮಗ ಆಗಲೇ ತಿಳೀತು. ಆ ಪುಣ್ಯಾತ್ಮಗ ತಿಳೀಲಿಲ್ಲ.

ಹುಬ್ಬಳ್ಳಿ ದಾಟೂದ್ರಾಗ ಗಾಡಿ ಕುದ್ಯಾಕ ಹತ್ತಿತು. ನಿಂದರಸೂದು, ನೀರ ಹಾಕೂದು, ಹೊಡ್ಯೂದು, ಮತ್ತ ನಿಂದರಸೂದು. ಕುಂದಗೋಳ ಬಿಟ್ಟು ಹೊರಗ ಬೀಳೂದ್ರಾಗ ಕತ್ತಲಾಗಿ ಹೋತು. ಆ ಬಾಂವಿ ಕಡೆ ಬಂದಾಗ ಮತ್ತ ಹೊಗಿ. ಇಂವ ಗಾಡಿ ಬಂದ್ ಮಾಡಿ ಇಳದ. ಬಾಂವ್ಯಾಗ ಹಗ್ಗ ಬಿಟ್ಟು ಕೈಲೆ ಜಗ್ಗಿ ನೀರ ಸೇದಿದ, ಹಾಕಿದ. ಸುಂಯ್ ಅಂತು. ಒಳಗ ಕುಂತು ಚಾವಿ ತಿರುವಿದ.

ತಿರಗಲಿಲ್ಲ.

ಚಾವಿ ಒಳಗ ಹೋಗೂದು, ಅಲ್ಲೇ ಗಟ್ಟಿ ಕುಂಡ್ರೂದು. ಎಡಕ್ಕಿಲ್ಲ, ಬಲಕ್ಕಿಲ್ಲ. ಹೊರಗ ತಗದು ಊದಿದ. ಮತ್ತ ಹಾಕಿದ. "ತಿರಗಲೇ" ಅಂದ. "ತಿರಗೋ ನಮ್ಮಪ್ಪಾ" ಅಂದ. ಕಡ್ಡಿಪೆಟ್ಟಿಗಿ ತಗದು ಕಡ್ಡಿ ಕೊರದು ಲಾಕಿನ ತೂತಿನಾಗ ಹಣಿಕಿ ಹಾಕಿದ, ಬೆಳ್ಳಗ ಏನೋ ಕಾಣತು, ಅಷ್ಟ್ರಾಗ ಕಡ್ಡಿ ಬಟ್ಟು ಸುಟ್ಟಿತು. ಬಾನೆಟ್ಟ ಎತ್ತಿ, ಇಂಜಿನ್ ಎಣ್ಣಿ ನೋಡೂ ಕಡ್ಡಿ ಇರತೈತಲ್ಲ, ಅದನ್ನ ಎಳದು ನಾಕ ಹನಿ ಎಣ್ಣಿ ಚಾವಿಗೆ ಬಿಟ್ಟ. ತಲಿ ಓಡ್ತು ಅಂತ ಖುಷಿ ಬ್ಯಾರೆ. ವಿಭೂತಿ, ಹಾಲು, ಬೆಲ್ಲ, ಅದರ ಮ್ಯಾಲ ಕರೇ ಎಣ್ಣಿ... ಲಾಕಿನಾಗ ಪಂಚಾಮೃತ ಆತು. ಮೊದಲ ಒಳಗರ ಹೋಗತಿದ್ದ ಚಾವಿ, ಈಗ ಅದೂ ಹೋಗವಲ್ದು.

ವಿಭೂತಿ ಕೆರದು ತಗೀಬೇಕು ಅಂತ ಅಂವಗ ಹೊಳೀಲಿಲ್ಲಂತಲ್ಲ. ಹೊಳದಿತ್ತು. ಚಾವಿ ಹಿಡದು ಉಗುರು ಒಯ್ದಾನ, ಅವ್ವನ ಮುಖಾ ಕಣ್ಣ ಮುಂದ ಬಂದೈತಿ, ಕೈ ಹಿಂದ ತಗದಾನ. ಹಬ್ಬದ ದಿನ, ತಂಗಿನ ಕರ್ಯಾಕ ಹೊಂಟಾಗ, ದೇವರನ್ನ ಕೆರದು ಒಗ್ಯೂದು ಹೆಂಗ? ವಾಯರ್ ಕಿತ್ತು ಜೋಡಿಸಿದ್ರ ಚಾಲೂ ಆಗತಿತ್ತಲ್ಲ ಅಂತ ಈಗ ನೀವು ಅಂತೀರಿ. ಹುಬ್ಬಳ್ಳಿ ಮೆಕ್ಯಾನಿಕ್ ಇಮಾಮುದ್ದೀನಗ ಅದು ಬರತೈತಿ. ಈರಬಸಪ್ಪಗ ಬರೂದಿಲ್ಲ. ಕುಂತಲ್ಲೇ ಎಲ್ಲಾರಿಗೂ ಎಲ್ಲಾ ಬರತೈತಿ, ಆ ಕತ್ತಲದಾಗ ಹೋಗಿ ಮಾಡಿ ತೋರಸ್ರಿ.

ಗಾಡಿಗೆ ಒದ್ದ. ಕಾಲ ನೋವಾತು. ಗಾಡಿ ಮಾರಿದಾವನ್ನ ಬೈದ, ತನ್ನನ್ನ ಬೈಕೊಂಡ. ಕಡೀಕ ಸ್ಟೇರಿಂಗ್ ಮ್ಯಾಲ ತಲಿ ಇಟ್ಟು ಅತ್ತ. ಅಂಜಿ ಅಲ್ಲ, ಸಿಟ್ಟಿಗೆ. ತಂಗಿ ಅಲ್ಲಿ ಕಟ್ಟಿ ಮ್ಯಾಲ ಕುಂತಿರತಾಳ, ಇಲ್ಲಿ ಬಟ್ಟಿನಷ್ಟು ಕಬ್ಬಣ ತಿರಗವಲ್ದು. ಇನ್ನ ಆಗೂದಿಲ್ಲ, ನಡಕೊಂಡರ ಹೋಗಿ ಆಕಿ ಮುಂದ ನಿಂದರತೇನಿ ಅಂತ ಎದ್ದ. ನಡಕೊಂಡ ಹೋದ್ರ ಆಕಿನ ಕರಕೊಂಡ ಬರೂದು ಆಗೂದಿಲ್ಲ, ಬಸ್ಸಿಲ್ಲ ಏನಿಲ್ಲ, ಬೀಗರು ನಗತಾರ... ಎಲ್ಲಾ ಗೊತ್ತಿದ್ದೂ ಹೊಂಟ.

ಹಂಗ ಬಾಂವಿ ದಾಟೂ ಮುಂದ ಸಪ್ಪಳ ಕೇಳತು.

ಕಿರ್ರ್... ಕಿರ್ರ್... ನೀರ ಸೇದೂ ಗಾಲಿ ಮ್ಯಾಲ ಹಗ್ಗ ಜಗ್ಗೂ ಸಪ್ಪಳ.

ಇಂವ ನಿಂತ. ಯಾಕಂದ್ರ ಆ ಬಾಂವಿಗೆ ಗಾಲಿ ಇದ್ದಿದ್ದಿಲ್ಲ. ಈಗರ ಕೈಲೆ ಜಗ್ಗಿ ಅಂಗೈ ಕೆಂಪಾಗಿತ್ತು.

ಸಪ್ಪಳ ನಿಂತಿತು. ಬಳಿ ಘಲ್ ಅಂದೂ. ಬಾಂವಿ ಕಟ್ಟಿ ಮ್ಯಾಲ ಒಬ್ಬಾಕಿ ಕುಂತಿದ್ಲು. ತಲಿ ತುಂಬ ಸೆರಗು, ಬಾಜೂಕ ಒಂದ ಅರಬಿ ಗಂಟು. ಹೊಲದ ಮಂದಿ ಇರಬೇಕು ಅಂದುಕೊಂಡ.

"ಗಾಡಿ ನಿಂತತೇನಣ್ಣಾ..." ದನಿ ಅಗದಿ ಸಣ್ಣದು.

"ಹೂಂನವಾ. ಚಾವಿ ತಿರಗವಲ್ದು."

"ಎಲ್ಲಿಗಿ ಹೊಂಟಿ?"

"ತಂಗಿನ ಕರ್ಯಾಕ."

ಟಪ್... ಟಪ್... ಹುಣಸಿ ಗಿಡದ ಹನಿ ಅಷ್ಟ.

"ಹ್ವಾದ ವರ್ಷ ಬರಲಿಲ್ಲಲ್ಲ ನೀ."

ಈರಬಸಪ್ಪ ಕೈಯಾಗಿನ ಚಾವಿ ನೋಡಿದ. "ಹಳ್ಳ ಬಂದಿತ್ತು..." ಅಂದ.

"ಎಲ್ಲಾರ ಅಣ್ಣಗೋಳು ಹಂಗ ಅಂತಾರ," ಅಂದ್ಲು. ಆಮ್ಯಾಲ ಸೆರಗಿನಾಗ ಕೈ ಹಾಕಿ ತಲಿ ಪಿನ್ನು ತಗದು ಕೊಟ್ಲು. "ಇದರ್ಲೆ ಕೆರದು ತಗಿ."

"ವಿಭೂತಿ ಐತವಾ ಅದರಾಗ. ದೇವರು ಸಿಟ್ಟಾಗತಾನ."

"ದೇವರು ಆಗಂಗಿಲ್ಲ. ತಂಗಿ ಆಗತಾಳ."

ಪಿನ್ನು ತೊಯ್ದಿತ್ತು. ಹನಿ ಹನಿ ನೀರ ಇಳೀತಿತ್ತು. ಇಂವ ಅದನ್ನ ಹಿಡಕೊಂಡು ಹಿಂದ ನೋಡದ ಗಾಡಿಗೆ ಬಂದ. ಶಿವಾ ಶಿವಾ ಅಂತ ಲಾಕಿನಾಗ ಪಿನ್ನು ಹಾಕಿ ಕೆರದ. ಕರ್ ಕರ್ ಕರ್. ವಿಭೂತಿ ಹೆಂಟಿ ಹೆಂಟಿ ಉದರಿತು. ಚಾವೀನೂ ಕೆರದ. ಹಾಕಿದ. ಕಿಟಕ್... ಘರ್ರ್... ಗಾಡಿ ಚಾಲೂ ಆತು.

ಅಷ್ಟ್ರಾಗ ಹಿಂದ, ಎಡಗಡಿ, ಕಟಾಕ್ ಅಂತ ಬಾಗಲಾ ತಗದಂಗಾತು. ಸೀಟಿನ ಸ್ಪ್ರಿಂಗು ಕಿಂಯ್ ಅಂತು. ಮತ್ತ ಕಟಾಕ್. ಪಾಪ, ಊರತನಕ ಬರತಾಳ ಅಂತ ಇಂವ ತಿಳಕೊಂಡ.

"ಕುಂತೇನವಾ?"

"ಹೂಂ."

ಗಾಡಿ ಹೊಂಟಿತು. ಸ್ವಲ್ಪ ದೂರ ಹೋದ ಮ್ಯಾಲ ಅಂವಗ ಆ ಬಾಗಲದ ತಂತಿ ನೆನಪಾತು... ಕುತಗಿ ಹೊಳ್ಳಲಿಲ್ಲ. ಕನ್ನಡಿ ಕಡೆ ಕಣ್ಣ ಒಯ್ಯಲಿಲ್ಲ. ಹಿಂದಿಂದ ಬಳಿ ಸಪ್ಪಳ, ಗಾಡಿ ಕುಲಕಿದಾಗೊಮ್ಮೆ. ಘಲ್... ಘಲ್...

ಗೌರಕ್ಕ ಕಟ್ಟಿ ಮ್ಯಾಲ ಇದ್ಲು. ಟ್ರಂಕ್ ಬಾಜೂಕ. ಕಂದೀಲು ಆರ್ಯಾಕ ಬಂದಿತ್ತು. ಸಾವಿತ್ರೆವ್ವ ಬಾಗಲದಾಗ ನಿಂತು "ಇಷ್ಟೊತ್ತಿಗೇನ್ರಿ ಬರೂದು?" ಅಂದ್ಲು. ಗೌರಕ್ಕ ಎದ್ದ್ಲು. ಅತ್ತಿದ್ಲು, ಮುಖಾ ಬಾತಿತ್ತು. ಟ್ರಂಕ್ ಡಿಕ್ಕ್ಯಾಗ ಇಡಿಸಿ ಬಲಗಡಿ ಬಾಗಲಾ ತಗದು ಒಳಗ ಬಗ್ಗಿದಾಕಿ, ಹಂಗ ನಿಂತ್ಲು. ಆಮ್ಯಾಲ ಸಾವಕಾಶ ಅಂದ್ಲು:

"ಸ್ವಲ್ಪ ಸರಿಯವಾ."

ಮತ್ತ ಹತ್ತಿ ಕುಂತ್ಲು.

ಊರು ಬಿಟ್ಟ ಮ್ಯಾಲ ಈರಬಸಪ್ಪ ಕೇಳಿದ. "ಗೌರಾ... ಯಾರ ಕೂಡ ಮಾತಾಡಿದಿ?"

"ಮುಂದ ನೋಡಿ ಹೊಡಿ ಅಣ್ಣಾ."

ಅಷ್ಟ. ಬಮ್ಮಿಗಟ್ಟಿತನಕ ಗಾಡಿ ಒಮ್ಮೆನೂ ಕುದೀಲಿಲ್ಲಂತ.

ಪಂಚಮಿ ಚೊಲೋ ಆತು. ಉಂಡಿ ತಿಂದಿವಿ, ಹುಡಿಗ್ಯಾರು ಜೋಕಾಲಿ ಆಡಿದ್ರು. ಗೌರಕ್ಕ ಹೊಂಡೂ ದಿನ ಚಿಗವ್ವ ಕುಪ್ಪಸದ ಖಣ ಕೊಟ್ಲು. ಗೌರಕ್ಕ "ಎರಡ ಕೊಡವಾ" ಅಂದ್ಲು. "ಇನ್ನೊಂದ ಯಾರಿಗೆ?" "ಜೋಡಿ ಬಂದಾಕಿಗೆ." ಚಿಗವ್ವ ಮಗನ ಮುಖಾ ನೋಡಿದ್ಲು. ಮಗ ನೆಲಾ ನೋಡಿದ. ಆಕಿ ಮತ್ತೊಂದು ಹಸರ ಖಣ ತಂದು ಕೊಟ್ಲು.

ಇಲ್ಲಿತನಕ ಅಂವ ನನಗ ಹೇಳಿದ್ದು. ಇದರ ಮುಂದಿಂದು ಯಾರೂ ಹೇಳಿದ್ದಲ್ಲ. ನಾ ಇದ್ನಿ. ಗೌರಕ್ಕನ್ನ ಕಳಿಸಾಕ ನಾನೂ ಗಾಡ್ಯಾಗ ಹೋಗಿದ್ನಿ, ಮುಂದ, ಈರಬಸಪ್ಪನ ಬಾಜೂಕ. ಹಬ್ಬ ಮುಗದ ಮ್ಯಾಲ ಇಮಾಮುದ್ದೀನ ಲಾಕು ಬಿಚ್ಚಿ ತೊಳದು, ಹೊಸಾದರಂಗ ಮಾಡಿ ಕೊಟ್ಟಿದ್ದ. ಚಾವಿಗೆ ವಿಭೂತಿ ಹಚ್ಚೂದು ಬಂದ್ ಆಗಿತ್ತು, ಚಿಗವ್ವ ಸ್ಟೇರಿಂಗಿಗೆ ಹಚ್ಚಾಕ ಹತ್ತಿದ್ಲು. ಹಿಂದಿನ ಸೀಟಿನಾಗ ಗೌರಕ್ಕ ಒಬ್ಬಾಕಿನ. ಬಲಗಡಿ ಕಿಡಿಕಿಗೆ ಒತ್ತಿಕೊಂಡು ಕುಂತಿದ್ಲು, ಮೈ ಎಲ್ಲಾ ಮುದಡಿಕೊಂಡು. ಅಷ್ಟು ಜಾಗಾ ಇದ್ದೂ ಹಂಗ್ಯಾಕ ಕುಂತೀಯವಾ ಅಂತ ನಾ ಕೇಳಿದ್ರ "ಇರಲಿ ಬಿಡಪಾ" ಅಂದ್ಲು. ಎಡಕ್ಕ, ಸೀಟಿನ ಮ್ಯಾಲ, ಆ ಹಸರ ಖಣ. ಅದರ ಮ್ಯಾಲ ಆ ಪಿನ್ನು.

ಬಾಂವಿ ಬಂತು. ಹೊತ್ತ ಮುಣಗಾಕ ಬಂದಿತ್ತು. ಗಾಡಿ ತಾನ ಬಂದ್ ಬಿತ್ತು. ಹೊಗಿ ಇಲ್ಲ, ಏನಿಲ್ಲ. ಈರಬಸಪ್ಪ ಚಾವಿ ತಿರುವಿದ. ತಿರಗಲಿಲ್ಲ. ನಾ ಬಾಯಿಗೆ ಬಂದಂಗ ಇಮಾಮುದ್ದೀನನ್ನ ಬೈದ್ನಿ. ಆ ಮನಿಶಾನ ತಪ್ಪ ಏನೂ ಇದ್ದಿದ್ದಿಲ್ಲ. ನಾನೂ ತಿರುವಿ ನೋಡಿದ್ನಿ. ಕಲ್ಲಿನಾಗ ಬಡದಂಗ ಕುಂತಿತ್ತು.

ಹಿಂದಿಂದ ಗೌರಕ್ಕನ ದನಿ ಬಂತು. ಸಣ್ಣಗ, ಸಣ್ಣ ಹುಡಿಗಿಗೆ ಸಮಾಧಾನ ಹೇಳಿದಂಗ.

"ಇಳೀವಾ... ಮುಂದಿನ ವರ್ಷ ಅಣ್ಣ ಬರತಾನ. ಇಬ್ಬರನ್ನೂ ಕರಕೊಂಡ ಹೋಗತಾನ."

ಏನೂ ಆಗಲಿಲ್ಲ.

"ಹೌದಿಲ್ಲೋ ಅಣ್ಣಾ?"

ಈರಬಸಪ್ಪನ ಕೈ ಚಾವಿ ಮ್ಯಾಲ ಇತ್ತು. ಹಿಂದ ಹೊಳ್ಳಲಿಲ್ಲ. "ಬರತೇನವಾ," ಅಂದ. "ಹಳ್ಳ ಬಂದ್ರೂ ಬರತೇನಿ."

ಕಟಾಕ್.

ಸ್ಪ್ರಿಂಗು ಕಿಂಯ್ ಅಂತು. ಮತ್ತ ಕಟಾಕ್. ಘಲ್... ಘಲ್... ದೂರಾಕೋತ ಹೋತು. ಈರಬಸಪ್ಪನ ಕೈಯಾಗ ಚಾವಿ ಬೆಣ್ಣ್ಯಾಗ ತಿರಗಿದಂಗ ತಿರಗಿತು.

ನಾ ಹೊಳ್ಳಿ ನೋಡಿದ್ನಿ. ಗೌರಕ್ಕ ಸೀಟಿನ ನಡಕ ಸರದು, ಕಾಲ ಚಾಚಿ, ಆರಾಮ ಕುಂತಿದ್ಲು. ಖಣ ಇದ್ದಿದ್ದಿಲ್ಲ. ಪಿನ್ನೂ ಇದ್ದಿದ್ದಿಲ್ಲ.

ಅಂವ ಇನ್ನೂ ಹೋಗತಾನ, ಪಂಚಮಿಗೊಮ್ಮೆ, ಒಂದ ವರ್ಷಾನೂ ತಪ್ಪಿಸಿಲ್ಲ. ನೀವು ನಂಬ್ರಿ, ಬಿಡ್ರಿ. ಗಾಳಿಗೆ ಬಾಗಲಾ ಬಡದಿರಬೇಕು ಅಂತ ಒಬ್ಬ ಶಾಣ್ಯಾ ನನಗ ಹೇಳಿದ. ಗಾಡಿ ತಂದ ದಿನ ಆ ಬಾಗಲಾ ತಂತೀಲೆ ಬಿಗದಾಂವ ನಾನ, ಇಕ್ಕಳ ಹಿಡದು, ನನ್ನ ಕೈಲೆ. ಅವತ್ತ ಬಾಂವಿ ಕಡೆ ನಾ ಹಿಂದ ಬಗ್ಗಿ ಮುಟ್ಟಿ ನೋಡಿದ್ನಿ. ನಾ ತಿರುವಿದ ಗಂಟು ತಿರುವಿದಂಗ ಇತ್ತು.